14 ತಿಂಗಳ ಗ್ರೀನ್ ಟೀ: ಮೊಡವೆ ಹೋಯಿತು, ಮುಖದ ಕಳೆಯೂ ಹೋಯಿತು

ನೀಲಗಿರಿಯ ಗ್ರೀನ್ ಟೀ, ಎಲೆಯದ್ದು, 250 ಗ್ರಾಂಗೆ 380 ರೂಪಾಯಿ. ಈಗ ಒಂಬತ್ತನೇ ಪೊಟ್ಟಣ ನಡೆಯುತ್ತಿದೆ. ಕಂಪನಿ ಹೆಸರು ಬರೆಯಲ್ಲ. ಯಾರದ್ದು ತಗೊಂಡರೂ ನನ್ನ ಕಥೆ ಇದೇ ಆಗುತ್ತಿತ್ತು.

ಕೊಂಡಿದ್ದು ಮೊಡವೆಗೆ. ಮೂವತ್ತೆಂಟು ದಾಟಿದ ಮೇಲೆ ದವಡೆ ಉದ್ದಕ್ಕೂ ಸಾಲಾಗಿ ಎದ್ದಿದ್ದವು. ಪೊಟ್ಟಣದ ಹಿಂದೆ 'ಚರ್ಮಕ್ಕೆ ಹೊಳಪು' ಅಂತ ದೊಡ್ಡ ಅಕ್ಷರದಲ್ಲಿತ್ತು. ಒಂದು ಲೋಟಕ್ಕೆ ಹೊಳಪು ಬರೋದಾದರೆ ಐದಕ್ಕೆ ಎಷ್ಟು ಬರಬೇಡ! ಕಾಫಿ ಬಿಟ್ಟು, ದಿನಕ್ಕೆ ಐದಾರು ಲೋಟ ಶುರು ಮಾಡಿದೆ.

ಮೊದಲ ವಾರ ಬರೀ ಕಹಿ. ತಪ್ಪು ನನ್ನದೇ, ನೀರನ್ನು ಕಾಫಿಗೆ ಕುದಿಸಿದ ಹಾಗೆ ಕುದಿಸುತ್ತಿದ್ದೆ. ಇದಕ್ಕೆ ಸುಮಾರು 80 ಡಿಗ್ರಿ ಸಾಕು. ಥರ್ಮಾಮೀಟರ್ ಎಲ್ಲಿಂದ ತರೋದು? ಪಾತ್ರೆಯ ತಳದಿಂದ ಸಣ್ಣ ಗುಳ್ಳೆ ಏಳೋಕೆ ಶುರುವಾದ ಕೂಡಲೇ ಒಲೆ ಆರಿಸುತ್ತೇನೆ. ಎರಡು ಚಿಟಿಕೆ ಎಲೆ ಹಾಕಿ ತಟ್ಟೆ ಮುಚ್ಚುತ್ತೇನೆ. ಅಷ್ಟರಲ್ಲಿ ಬಾಗಿಲಿಗೆ ನೀರು ಹಾಕಿ, ಒಂದೆಳೆ ರಂಗೋಲಿ ಬಿಟ್ಟು ಬಂದರೆ ಹದ ಸರಿಯಾಗಿರುತ್ತದೆ. ತಟ್ಟೆ ತೆಗೆದಾಗ ಮುದುರಿಕೊಂಡಿದ್ದ ಎಲೆ ಪೂರ್ತಿ ಬಿಚ್ಚಿಕೊಂಡಿರುತ್ತದೆ. ಹೆಸರುಕಾಳು ಬೇಯಿಸಿದ ಕಟ್ಟಿನ ಬಣ್ಣ, ಮಳೆ ಬಿದ್ದ ಹುಲ್ಲಿನ ವಾಸನೆ. ಅತ್ತೆ ಒಂದು ಗುಟುಕು ಕುಡಿದು, "ಇದೇನೇ, ಸೊಪ್ಪು ಬಸಿದ ನೀರು! ಇದಕ್ಕೆ ದುಡ್ಡು ಬೇರೆ ಕೊಟ್ಟಿದೀಯಾ?" ಅಂದರು. ಅದೇ ಎಲೆಗೆ ಎರಡನೇ ಸಲ ನೀರು ಹಾಕಿದರೆ ಇನ್ನೂ ರುಚಿ. ಮೂರನೇ ಸಲ ಕರಿಬೇವಿನ ಗಿಡದ ಬುಡಕ್ಕೆ.

ನಾಲ್ಕು ತಿಂಗಳಿಗೆ ಮೊಡವೆ ಇಳಿದವು. ಮೂಗಿನ ಮೇಲಿನ ಜಿಡ್ಡೂ ಕಡಿಮೆಯಾಯಿತು. ಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಆದರೆ ಕಾಫಿ ಜೊತೆಗೆ ದಿನಕ್ಕೆ ಆರು ಚಮಚ ಸಕ್ಕರೆಯೂ ಹೋಗಿತ್ತು ಅನ್ನೋದು ಆಮೇಲೆ ಹೊಳೆಯಿತು. ಸಕ್ಕರೆಗೂ ಮೊಡವೆಗೂ ನಂಟಿದೆ. ಯಾರಿಗೆ ಶಭಾಸ್ ಹೇಳಬೇಕು, ಟೀಗೋ ಬಿಟ್ಟ ಸಕ್ಕರೆಗೋ?

ಬಿ.ಫಾರ್ಮ ಓದುವ ತಂಗಿ ಮಗಳು ಒಂದೆರಡು ಅಧ್ಯಯನ ಹುಡುಕಿ ಕೊಟ್ಟಳು. 2011ರಲ್ಲಿ ಜರ್ಮನಿಯಲ್ಲಿ 60 ಹೆಂಗಸರ ಮೇಲೆ 12 ವಾರ ನಡೆದದ್ದರಲ್ಲಿ, ಗ್ರೀನ್ ಟೀ ಅಂಶ ಕುಡಿದವರಿಗೆ ನೇರಳಾತೀತ ಬೆಳಕಿನಿಂದ ಚರ್ಮ ಕೆಂಪಾಗೋದು ಶೇ. 25ರಷ್ಟು ಕಡಿಮೆಯಾಗಿತ್ತಂತೆ. ಅವರಿಗೆ ಕೊಟ್ಟಿದ್ದು ದಿನಕ್ಕೆ ಸುಮಾರು 1,400 ಮಿಲಿಗ್ರಾಂ ಕ್ಯಾಟೆಚಿನ್, ಅಂದರೆ ಟೀ ಎಲೆಯಲ್ಲಿರುವ ಒಗರಿನ ಅಂಶ. 2015ರಲ್ಲಿ ಇಂಗ್ಲೆಂಡಿನಲ್ಲಿ 50 ಜನರ ಮೇಲೆ ನಡೆದದ್ದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಸನ್‌ಸ್ಕ್ರೀನ್ ಬಿಡಬೇಡಿ ದೊಡ್ಡಮ್ಮ ಅಂದಳು.

ಎಂಟನೇ ತಿಂಗಳಲ್ಲಿ ಆಫೀಸಿನಲ್ಲಿ ಒಬ್ಬರು, "ಯಾಕೆ ಮೇಡಂ, ಹುಷಾರಿಲ್ವಾ?" ಅಂದರು. ಮೊಡವೆ ಇಲ್ಲದ ಮುಖ ನಿಜ, ಆದರೆ ಸುಣ್ಣ ಬಳಿದ ಗೋಡೆ ಹಾಗಿತ್ತು. ಬಾಚಣಿಗೆ ತುಂಬ ಕೂದಲು. ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.1, ಅಂದರೆ ರಕ್ತಹೀನತೆ.

ಡಾಕ್ಟರ್ ಕೇಳಿದ್ದು ಒಂದೇ ಮಾತು: "ಊಟ ಆದ ಮೇಲೆ ಏನು ಕುಡೀತೀರಿ?" ನಾನು ಹೆಮ್ಮೆಯಿಂದ ಹೇಳಿದೆ. ರಾಗಿ ರೊಟ್ಟಿ, ಹುರುಳಿಕಾಳು ಪಲ್ಯ, ದಂಟಿನ ಸೊಪ್ಪು ತಿಂದು ಡಬ್ಬಿ ಮುಚ್ಚುವ ಮೊದಲೇ ಫ್ಲಾಸ್ಕಿನಿಂದ ಒಂದು ಲೋಟ ಗ್ರೀನ್ ಟೀ! ಅದರಲ್ಲಿರುವ ಅದೇ ಕ್ಯಾಟೆಚಿನ್, ಕಾಳು ಸೊಪ್ಪಿನ ಕಬ್ಬಿಣಾಂಶವನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ಮೈಗೆ ಹತ್ತದ ಹಾಗೆ ಮಾಡುತ್ತದೆ. ಮಾಂಸದ ಕಬ್ಬಿಣಕ್ಕೆ ಈ ಕಾಟ ಕಡಿಮೆ. ನಾವು ಸಸ್ಯಾಹಾರಿಗಳು, ನಮಗೆ ಸೊಪ್ಪು ಕಾಳೇ ಗತಿ. ತಿಂಗಳ ಸ್ರಾವವೂ ನನಗೆ ಜಾಸ್ತಿ ಇತ್ತು, ಪೂರ್ತಿ ತಪ್ಪು ಟೀ ಮೇಲೆ ಹಾಕಬೇಡಿ ಅಂತ ಅವರೇ ಹೇಳಿದರು. ಆದರೂ ನನಗೆ ಸಿಟ್ಟು ಬಂದಿದ್ದು ಪೊಟ್ಟಣದ ಮೇಲೆ. ಹೊಳಪಿನ ಬಗ್ಗೆ ಅಷ್ಟು ದೊಡ್ಡ ಅಕ್ಷರ, ಊಟದ ಜೊತೆ ಬೇಡ ಅನ್ನೋಕೆ ಒಂದು ಸಣ್ಣ ಸಾಲಿಗೂ ಜಾಗ ಇರಲಿಲ್ವಾ?

ಕಣ್ಣ ಕೆಳಗಿನ ಕಪ್ಪು ಇನ್ನೊಂದು ಕಥೆ. ರಾತ್ರಿ ಒಂಬತ್ತಕ್ಕೆ ಧಾರಾವಾಹಿ ಜೊತೆ ಒಂದು ಲೋಟ ಇರುತ್ತಿತ್ತು. ಇದರಲ್ಲೂ ಕೆಫೀನ್ ಇದೆ ಅನ್ನೋದನ್ನೇ ಮರೆತಿದ್ದೆ. ಹನ್ನೆರಡರವರೆಗೆ ಫ್ಯಾನ್ ನೋಡಿಕೊಂಡು ಮಲಗಿರುತ್ತಿದ್ದೆ.

ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದೆ. ಪಲ್ಯಕ್ಕೆ ನಿಂಬೆಹಣ್ಣು ಹಿಂಡೋದು ಅಭ್ಯಾಸ ಆಯಿತು, ಅದರಲ್ಲಿರುವ ಸಿ ವಿಟಮಿನ್‌ನಿಂದ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಈಗ ಹಿಮೋಗ್ಲೋಬಿನ್ 11.8. ಟೀ ಪೂರ್ತಿ ಬಿಡೋಣ ಅಂತಲೇ ಇದ್ದೆ. ನಾಲ್ಕು ದಿನ ಬಿಟ್ಟೂ ನೋಡಿದೆ. ಬೆಳಗ್ಗೆ ರಂಗೋಲಿ ಬಿಟ್ಟು ಒಳಗೆ ಬಂದರೆ ಕೈಗೆ ಕೆಲಸವೇ ಇಲ್ಲದ ಹಾಗೆ. ಐದನೇ ದಿನ ಮತ್ತೆ ನೀರಿಟ್ಟೆ. ಈಗ ದಿನಕ್ಕೆ ಎರಡೇ ಲೋಟ: ಬೆಳಗ್ಗೆ ತಿಂಡಿಗೆ ಒಂದು ಗಂಟೆ ಮುಂಚೆ, ಸಂಜೆ ನಾಲ್ಕಕ್ಕೆ. ಹೊಳಪಿಗೆ ಅಂತ ಯಾರಾದರೂ ಕೇಳಿದರೆ ಎರಡು ಸ್ಟಾರ್, ರುಚಿಗೆ ನಾಲ್ಕೂವರೆ.

ಟೀ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ನಾನೇ ಬರೆದಿದ್ದೇನೆ: 'ಊಟ ಆದ ತಕ್ಷಣ ಬೇಡ'. ಮೊನ್ನೆ ಯಜಮಾನರು ಅದನ್ನು ಓದಿ, "ಇದು ಕಾಫಿಗೂ ಅನ್ವಯಿಸುತ್ತಾ?" ಅಂದರು. ಹೂಂ ಅಂದೆ. ಕಾಫಿ ಲೋಟ ಹಿಡಿದುಕೊಂಡೇ ಸದ್ದಿಲ್ಲದೆ ನಡುಮನೆಗೆ ಹೋದರು.