ಉಗುರಿನ ಮಾತ್ರೆ ನುಂಗಿದೆ, ಅಪ್ಪೆಹುಳಿಯ ರುಚಿ ಹೋಯಿತು

ಟರ್ಬಿನಾಫಿನ್ 250 ಮಿ.ಗ್ರಾಂ., ಉಗುರಿಗೆ ತಗಲುವ ಶಿಲೀಂಧ್ರದ (ಫಂಗಸ್) ಸೋಂಕಿಗೆ ನುಂಗುವ ಮಾತ್ರೆ. ಐದರಲ್ಲಿ ಮೂರು ನಕ್ಷತ್ರ.

ಶಿರಸಿ ಕಡೆಯ ಅಡಿಕೆ ತೋಟ ನಮ್ಮದು. ಮಳೆಗಾಲ ಪೂರ್ತಿ ಗಂಬೂಟಿನೊಳಗೆ ಕಾಲು ಒಣಗುವುದೇ ಇಲ್ಲ. ಹೆಬ್ಬೆರಳಿನ ಉಗುರು ಹಳದಿಯಾಗಿ, ದಪ್ಪವಾಗಿ, ಅಡಿಯಿಂದ ಪುಡಿ ಉದುರಲು ಶುರುವಾಗಿ ಮೂರು ವರ್ಷವಾಗಿತ್ತು. ಹಚ್ಚಿದ ಮುಲಾಮು ಯಾವುದೂ ಒಳಗೆ ಇಳಿಯಲಿಲ್ಲ. ಹೋದ ವರ್ಷ ಫೆಬ್ರುವರಿ ಕೊನೆಗೆ ಚರ್ಮದ ಡಾಕ್ಟರು ಉಗುರಿನ ಚೂರನ್ನು ಪರೀಕ್ಷೆಗೆ ಕಳಿಸಿ, ಲಿವರ್ ಟೆಸ್ಟ್ ಮಾಡಿಸಿ, ದಿನಕ್ಕೊಂದು ಮಾತ್ರೆ, 12 ವಾರ ಎಂದು ಬರೆದುಕೊಟ್ಟರು. ಕೈ ಉಗುರಾಗಿದ್ದರೆ 6 ವಾರ ಸಾಕಿತ್ತಂತೆ.

ಮೊದಲ ತಿಂಗಳು ತೊಂದರೆ ಕಡಿಮೆ. ಒಂದಿಷ್ಟು ಹೊಟ್ಟೆ ಉಬ್ಬರ, ಅದು ಊಟದ ಮೇಲೆ ನುಂಗಿದಾಗ ಹೋಯಿತು. ಸಂಜೆ ನಾಲ್ಕರ ಕಾಫಿ ಕುಡಿದ ದಿನ ನಿದ್ದೆ ಬರುತ್ತಿರಲಿಲ್ಲ. ಈ ಔಷಧಿಯಿಂದ ಕೆಫೀನ್ ಮೈಯಿಂದ ಇಳಿಯುವುದು ನಿಧಾನವಾಗುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಬೆಳಗಿನ ಒಂದು ಲೋಟಕ್ಕೆ ನಿಲ್ಲಿಸಿದೆ.

ಆರನೇ ವಾರ, ಅಪ್ಪೆಮಿಡಿಯ ಕಾಲ. ಮಿಡಿ ಬೇಯಿಸಿ, ಹಿಂಡಿ, ನೀರು ಬೆರೆಸಿ, ಇಂಗು ಮೆಣಸಿನ ಒಗ್ಗರಣೆ ಕೊಟ್ಟೆ. ಸೊನೆಯ ಪರಿಮಳ ಮೂಗಿಗೆ ಚೆನ್ನಾಗಿಯೇ ಬಂತು. ಕುಡಿದರೆ ಬರೀ ಬಿಸಿನೀರು. ಉಪ್ಪು ಕಡಿಮೆಯಾಯಿತೆಂದು ಮತ್ತೆ ಹಾಕಿದೆ, ಮತ್ತೂ ಹಾಕಿದೆ. ಅತ್ತೆ ಒಂದು ಗುಟುಕು ಬಾಯಿಗಿಟ್ಟು, ಲೋಟ ಕೆಳಗಿಟ್ಟು, ನನ್ನ ಮುಖ ನೋಡಿದರು. ಇಪ್ಪತ್ತೆರಡು ವರ್ಷ ಈ ಮನೆಯ ಅಡುಗೆ ಮಾಡಿದವಳು ನಾನು. ಆ ರಾತ್ರಿ ಅಡುಗೆ ಮಾಡಿದ್ದು ಅತ್ತೆ.

ನೆಗಡಿಯ ಲಕ್ಷಣವಿರಬೇಕೆಂದು ಹನ್ನೆರಡು ದಿನ ಸುಮ್ಮನಿದ್ದು ಮಾತ್ರೆ ನುಂಗುತ್ತಲೇ ಹೋದೆ. ನನ್ನ ದೂರು ಇರುವುದು ಇಲ್ಲೇ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ವಾಂತಿ, ಮೈತುರಿಕೆ, ವಿಪರೀತ ಸುಸ್ತು ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ ಎಂದು ಲಿವರಿನ ವಿಷಯ ಬಿಡಿಸಿ ಹೇಳಿದ್ದರು. ನಾಲಿಗೆಯ ಸುದ್ದಿ ಯಾರೂ ಎತ್ತಲಿಲ್ಲ. ಔಷಧಿ ಅಂಗಡಿಯಲ್ಲಿ ಪಟ್ಟಿ ಕತ್ತರಿಸಿ ಕೊಡುತ್ತಾರೆ, ಮಾಹಿತಿ ಚೀಟಿ ಕೈಗೆ ಬರುವುದಿಲ್ಲ. ರುಚಿ ಕೆಡುವುದು ಈ ಮಾತ್ರೆಯ ಗೊತ್ತಿರುವ ಅಡ್ಡ ಪರಿಣಾಮ. ಹೆಚ್ಚಿನವರಿಗೆ ನಿಲ್ಲಿಸಿದ ಮೇಲೆ ಮರಳುತ್ತದೆ, ಅಪರೂಪಕ್ಕೆ ಬಹುಕಾಲ ಉಳಿಯುವುದೂ ಉಂಟು. ಅದಕ್ಕೇ ಮೊದಲ ದಿನವೇ ಫೋನು ಮಾಡಬೇಕಿತ್ತು.

ಫೋನು ಮಾಡಿದಾಗ ಡಾಕ್ಟರು ಅವತ್ತೇ ನಿಲ್ಲಿಸಿದರು. ಇದೇ ಸೋಂಕಿಗೆ ಕೊಡುವ ಇನ್ನೊಂದು ಔಷಧಿ ಇಟ್ರಾಕೊನಜೋಲ್ ನನಗೆ ಹೊಂದುವುದಿಲ್ಲ ಎಂದರು: ಆ ಕ್ಯಾಪ್ಸೂಲ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು, ನಾನು ದಿನಾ ಆಮ್ಲ ಇಳಿಸುವ ಗ್ಯಾಸಿನ ಮಾತ್ರೆ ತೆಗೆದುಕೊಳ್ಳುವವಳು. ಕೊಲೆಸ್ಟರಾಲಿನ ಕೆಲವು ಮಾತ್ರೆಗಳ ಜೊತೆಗೂ ಅದು ಅಪಾಯವಂತೆ. ಉಗುರು ಅರದಿಂದ ಉಜ್ಜಿ ವಾರಕ್ಕೊಮ್ಮೆ ಹಚ್ಚುವ ಅಮೊರಾಲ್ಫಿನ್ ಎಂಬ ಔಷಧಿಯ ಉಗುರು ಬಣ್ಣ ಕೊಟ್ಟರು.

ರುಚಿಯಿಲ್ಲದ ಆ ದಿನಗಳಲ್ಲಿ ಚಮಚದಲ್ಲಿ ಅಳೆದು ಉಪ್ಪು ಹಾಕಿದೆ, ಪ್ರತಿ ಪಾತ್ರೆಯನ್ನೂ ಅತ್ತೆಯ ಕೈಗೆ ಕೊಟ್ಟೆ. ಬಿಸಿ ಸಾರಿಗಿಂತ ತಣ್ಣನೆಯ ತಂಬುಳಿ, ಕರುಂ ಎನ್ನುವ ಹಪ್ಪಳ ನೆಂಚಿಕೊಂಡು ಮೊಸರನ್ನ ಇಳಿಯುತ್ತಿತ್ತು. ಆದರೂ ಮೂರು ಕಿಲೋ ಕಳೆದುಕೊಂಡೆ.

ಜೂನಿನಲ್ಲಿ ಮಳೆ ಹಿಡಿದ ಮೇಲೆ, ಭರಣಿಯ ಮಿಡಿ ಕಚ್ಚಿದಾಗ ನಾಲಿಗೆಯ ಅಂಚಿನಲ್ಲಿ ಹುಳಿ ಚುಳ್ಳೆಂದಿತು. ಅಡುಗೆಮನೆಯಲ್ಲಿ ನಿಂತಲ್ಲೇ ಇಡೀ ಮಿಡಿ ತಿಂದೆ. ಉಪ್ಪು ಪೂರ್ತಿ ತಿಳಿಯಲು ಇನ್ನೂ ಮೂರು ವಾರ ಬೇಕಾಯಿತು.

ಈಗ ಮಾತ್ರೆಯ ಮೇಲೆ ಆಗಿನಷ್ಟು ಸಿಟ್ಟಿಲ್ಲ. ನುಂಗಿದ ಔಷಧಿ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಉಗುರಿನಲ್ಲಿ ಉಳಿಯುತ್ತದಂತೆ, ಬುಡದಿಂದ ಬಂದದ್ದೆಲ್ಲ ತೆಳು, ಗುಲಾಬಿ. ಹೆಬ್ಬೆರಳಿನ ಉಗುರು ಪೂರ್ತಿ ಬೆಳೆಯಲು ವರ್ಷ, ಒಂದೂವರೆ ವರ್ಷ ಬೇಕು. ತುದಿಯಲ್ಲಿ ಕಡಲೆಬೇಳೆಯಷ್ಟು ಹಳದಿ ಮಾತ್ರ ಬಾಕಿಯಿದೆ.