ಕಾರಿನಲ್ಲಿ ಫೋನ್ ಚಾರ್ಜ್ ಆಗದಿದ್ದರೆ: ನಾಲ್ಕು ದಾರಿಗಳ ಹೋಲಿಕೆ

ಕಾರಿನಲ್ಲಿ ಫೋನ್ ಚಾರ್ಜ್ ಮಾಡಿಕೊಳ್ಳಲು ಈಗ ನಾಲ್ಕು ದಾರಿಗಳಿವೆ: ಡ್ಯಾಶ್‌ಬೋರ್ಡಿನಲ್ಲೇ ಇರುವ ಯುಎಸ್‌ಬಿ ಪೋರ್ಟ್, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಸಾಮಾನ್ಯ ಚಾರ್ಜರ್, ಅದೇ ಸಾಕೆಟ್ಟಿನ ಪವರ್ ಡೆಲಿವರಿ ಚಾರ್ಜರ್ (ಫೋನಿಗೆ ತಕ್ಕಂತೆ ವೋಲ್ಟೇಜು ಏರಿಸುವ ವೇಗದ ಚಾರ್ಜರ್) ಮತ್ತು ವೈರ್‌ಲೆಸ್ ಪ್ಯಾಡ್. ಒಂದೇ ಕಾರಿನಲ್ಲಿ, ಒಂದೇ ಫೋನಿಗೆ, ಪರದೆಯ ಮೇಲೆ ಮ್ಯಾಪ್ ಸದಾ ತೆರೆದಿಟ್ಟುಕೊಂಡು ಇವೆಲ್ಲವನ್ನೂ ಹುಬ್ಬಳ್ಳಿಯ ಹೆದ್ದಾರಿಯಲ್ಲೂ ಶಿರಾಡಿ ಘಾಟಿಯ ತಿರುವುಗಳಲ್ಲೂ ಬಳಸಿ ನೋಡಿದ್ದೇನೆ. ಚಾರ್ಜ್ ಏರದಿದ್ದಾಗ ನಾವೆಲ್ಲ ಮೊದಲು ದೂರುವುದು ಚಾರ್ಜರನ್ನು. ಆದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲ್ಲನ್ನು ಎಂಬುದು ಈ ಹೋಲಿಕೆಯಿಂದ ನನಗೆ ದೃಢವಾಗಿದೆ.

ಕಾರಿನ ಸ್ವಂತ ಪೋರ್ಟಿನಿಂದ ಆರಂಭಿಸೋಣ. ಅನೇಕ ಕಾರುಗಳಲ್ಲಿ ಇದನ್ನು ಕೊಟ್ಟಿರುವುದು ಪೆನ್‌ಡ್ರೈವ್‌ನ ಹಾಡು ಕೇಳುವುದಕ್ಕೆ, ಫೋನಿನ ಮ್ಯಾಪು, ಹಾಡುಗಳನ್ನು ಕಾರಿನ ಪರದೆಗೆ ತರುವ ಆಂಡ್ರಾಯ್ಡ್ ಆಟೊ ನಡೆಸುವುದಕ್ಕೆ. ಯುಎಸ್‌ಬಿ 2.0 ನಿಯಮದಂತೆ ಇದು ಕೊಡುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಎಂದರೆ 2.5 ವ್ಯಾಟ್. 5000 ಮಿಲಿಆಂಪಿಯರ್‌-ಅವರ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್‌-ಅವರ್ ಶಕ್ತಿ ಹಿಡಿಸುತ್ತದೆ. ಫೋನನ್ನು ಮುಟ್ಟದೆ ಇಟ್ಟರೂ ಈ ಪೋರ್ಟಿನಿಂದ ಅದು ತುಂಬಲು ಏಳೆಂಟು ಗಂಟೆಗೂ ಹೆಚ್ಚು ಬೇಕು. ಪರದೆಯ ಬೆಳಕು, ಜಿಪಿಎಸ್, ಡೇಟಾ ಮೂರೂ ಸೇರಿದರೆ ಬಂದದ್ದೆಲ್ಲ ಅಲ್ಲಿಗೇ ಖರ್ಚಾಗುತ್ತದೆ. ಆದ್ದರಿಂದ ಮಿಂಚಿನ ಗುರುತು ಕಾಣುತ್ತಿದ್ದರೂ ಶೇಕಡಾವಾರು ಇಳಿಯುತ್ತಿದ್ದರೆ ಯಾವುದೂ ಕೆಟ್ಟಿಲ್ಲವೆಂದೇ ತಿಳಿಯಬೇಕು. ಇತ್ತೀಚಿನ ಕೆಲವು ಕಾರುಗಳ ಪೋರ್ಟುಗಳು ಇದಕ್ಕಿಂತ ಹೆಚ್ಚು ಕೊಡುತ್ತವೆ. ಎಷ್ಟೆಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಬಹುದು. ಕೇಬಲ್ ಮೂಲಕ ಆಂಡ್ರಾಯ್ಡ್ ಆಟೊ ಬೇಕಾದವರಿಗೆ ಈ ಪೋರ್ಟು ಅನಿವಾರ್ಯ. ಉಳಿದವರು ಇದನ್ನು ನೆಚ್ಚಿಕೊಳ್ಳುವ ಅಗತ್ಯವಿಲ್ಲ.

ಸಾಮಾನ್ಯ ಚಾರ್ಜರ್ ಬ್ಯಾಟರಿಯ 12 ವೋಲ್ಟನ್ನು (ಎಂಜಿನ್ ಓಡುತ್ತಿರುವಾಗ ಇದು 14ರ ಆಸುಪಾಸಿನಲ್ಲಿರುತ್ತದೆ) 5 ವೋಲ್ಟಿಗೆ ಇಳಿಸಿ 2 ಆಂಪಿಯರಿನಷ್ಟು ಕೊಡುತ್ತದೆ. ಈ 10 ವ್ಯಾಟ್ ಮ್ಯಾಪಿಗೂ ಸಾಕು, ಬ್ಯಾಟರಿ ಏರುವುದಕ್ಕೂ ಸಾಕು. ಆದರೂ ಅತಿ ಹೆಚ್ಚು ತಕರಾರು ಬರುವುದು ಇಲ್ಲಿಯೇ. ಅಗ್ಗದ ಕೇಬಲ್ಲುಗಳಲ್ಲಿ ವಿದ್ಯುತ್ ಸಾಗಿಸುವ ತಂತಿ 28 ಗೇಜಿನಷ್ಟು ಸಣ್ಣದಾಗಿರುವುದುಂಟು (ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಂತಿ ಸಣ್ಣದು). ಅಂಥ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧವಿದ್ದು, ಒಂದು ಮೀಟರ್ ಕೇಬಲ್ಲಿನಲ್ಲಿ ಹೋಗಿ ಬರುವ ದಾರಿ ಸೇರಿ 0.42 ಓಮ್ ಆಗುತ್ತದೆ. 2 ಆಂಪಿಯರ್ ಹರಿದರೆ 0.8 ವೋಲ್ಟಿಗೂ ಹೆಚ್ಚು ತಂತಿಯಲ್ಲೇ ಕರಗಿ ಫೋನಿನ ಬಾಯಿಗೆ 4.2 ವೋಲ್ಟಿಗಿಂತಲೂ ಕಡಿಮೆ ತಲುಪುತ್ತದೆ. ಅಷ್ಟರಲ್ಲಿ ಬ್ಯಾಟರಿ ತುಂಬಿಸಲಾಗದ ಕಾರಣ ಫೋನು ತಾನಾಗಿಯೇ ಕಡಿಮೆ ಪ್ರವಾಹ ಎಳೆದುಕೊಳ್ಳುತ್ತದೆ ಅಥವಾ ಚಾರ್ಜಿಂಗ್ ನಿಂತು ಮತ್ತೆ ಶುರುವಾಗುತ್ತಿರುತ್ತದೆ. ಅದೇ 24 ಗೇಜಿನ ತಂತಿಯಾದರೆ ನಷ್ಟ 0.35 ವೋಲ್ಟನ್ನು ಮೀರುವುದಿಲ್ಲ. ಕಾರಿನ ಹಿಂದಿನ ಸೀಟಿಗೂ ಎಟುಕಲೆಂದು ಎರಡು ಮೀಟರ್ ಕೇಬಲ್ ಕೊಳ್ಳುವವರು ಈ ಲೆಕ್ಕವನ್ನು ಇಮ್ಮಡಿ ಮಾಡಿಕೊಳ್ಳಬೇಕು. ಡೇಟಾ ತಂತಿಗಳೇ ಇಲ್ಲದ ಕೇಬಲ್ಲುಗಳೂ ಮಾರುಕಟ್ಟೆಯಲ್ಲಿವೆ. ಇಂಥದ್ದನ್ನು ಹಾಕಿದಾಗ ಆ ಕಡೆ ಇರುವುದು ಚಾರ್ಜರ್ ಎಂಬುದು ಫೋನಿಗೆ ತಿಳಿಯದೆ, ಅದು ಅರ್ಧ ಆಂಪಿಯರಿಗೇ ತೃಪ್ತಿಪಡುತ್ತದೆ.

ಹೀಗಾಗಿ ನನ್ನ ಪರೀಕ್ಷೆಯ ಕ್ರಮ ಇಷ್ಟೆ. ಕಾರಿನ ಕೇಬಲ್ಲನ್ನು ಮನೆಯ ಚಾರ್ಜರಿಗೆ ಹಾಕಿ ನೋಡಬೇಕು, ಮನೆಯ ಕೇಬಲ್ಲನ್ನು ಕಾರಿನ ಚಾರ್ಜರಿಗೆ ಹಾಕಿ ನೋಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಿದರೆ ದೋಷ ಯಾವ ಕಡೆ ಇದೆಯೆಂಬುದು ಕೂಡಲೇ ತಿಳಿಯುತ್ತದೆ. ಎರಡೂ ಕಡೆ ತೊಂದರೆಯಾದರೆ ಫೋನಿನ ಪೋರ್ಟಿಗೆ ಟಾರ್ಚ್ ಹಿಡಿದು ನೋಡಿ: ಜೇಬಿನ ನೂಲಿನ ಎಳೆ, ಧೂಳು ಒತ್ತಿಕೊಂಡು ಪಿನ್ ಪೂರ್ತಿ ಒಳಗೆ ಹೋಗದಿರುವುದು ಸಾಮಾನ್ಯ. ಫೋನ್ ಆರಿಸಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಬೇಕು. ಲೋಹದ ಸೂಜಿ ಕೂಡದು.

ನಾಲ್ಕರಲ್ಲಿ ನಾನು ಆರಿಸಿಕೊಂಡದ್ದು ಪವರ್ ಡೆಲಿವರಿ ಚಾರ್ಜರನ್ನು. ವೇಗ ಮಾತ್ರವೇ ಇದಕ್ಕೆ ಕಾರಣವಲ್ಲ. ಇದು ಫೋನಿನೊಡನೆ ಮಾತುಕತೆ ನಡೆಸಿ 9 ವೋಲ್ಟಿಗೆ ಏರುವುದರಿಂದ ಅದೇ 10 ವ್ಯಾಟಿಗೆ ಸುಮಾರು 1.1 ಆಂಪಿಯರ್ ಸಾಕಾಗುತ್ತದೆ, ತಂತಿಯ ನಷ್ಟ ಅಷ್ಟರಮಟ್ಟಿಗೆ ತಗ್ಗುತ್ತದೆ, ಉಳಿದ ವೋಲ್ಟೇಜು ಬ್ಯಾಟರಿಯ ಮಟ್ಟಕ್ಕಿಂತ ಬಹಳ ಮೇಲಿರುತ್ತದೆ. ಆದರೆ ಕೇಬಲ್ ಎರಡೂ ತುದಿಯಲ್ಲಿ ಟೈಪ್‌-ಸಿ ಆಗಿರಲೇಬೇಕು (ಹಳೆಯ ಐಫೋನುಗಳಿಗೆ ಒಂದು ತುದಿಯಲ್ಲಿ ಲೈಟ್ನಿಂಗ್). ಒಂದು ತುದಿಯಲ್ಲಿ ಹಳೆಯ ಅಗಲದ ಆಯತಾಕಾರದ ಯುಎಸ್‌ಬಿ ಪಿನ್ (ಟೈಪ್‌-ಎ) ಇರುವ ಕೇಬಲ್ಲಿನಲ್ಲಿ ಈ ಮಾತುಕತೆ ನಡೆಯುವುದೇ ಇಲ್ಲ. ತಮ್ಮದೇ ವೇಗದ ತಂತ್ರಜ್ಞಾನವುಳ್ಳ ಫೋನುಗಳು ಇದರಲ್ಲಿ ಕಡಿಮೆ ವೇಗಕ್ಕೆ ಇಳಿಯಬಹುದು, ಆದರೂ ಪ್ರಯಾಣಕ್ಕೆ 18–20 ವ್ಯಾಟ್ ಧಾರಾಳ. ಎರಡು ಪೋರ್ಟುಗಳಿರುವ ಚಾರ್ಜರಿನಲ್ಲಿ ಎರಡನೆಯ ಫೋನ್ ಸಿಕ್ಕಿಸಿದಾಗ ಮೊದಲನೆಯದು ಕ್ಷಣಕಾಲ ನಿಂತು ನಿಧಾನವಾದರೆ, ಅದು ಶಕ್ತಿಯನ್ನು ಹಂಚಿಕೊಳ್ಳುವ ವಿಧಾನ.

ವೈರ್‌ಲೆಸ್ ಪ್ಯಾಡ್ ಕಣ್ಣಿಗೆ ಚೆಂದ, ಬೇಸಿಗೆಗೆ ಒಗ್ಗದು. ಶಕ್ತಿಯ ಒಂದಷ್ಟು ಪಾಲು ಶಾಖವಾಗಿ ಹೋಗುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಮುಂಗಾಜಿನ ಹಿಂದೆ ಕುಳಿತ ಫೋನು ಬಿಸಿಯೇರಿ ಬ್ಯಾಟರಿಯ ರಕ್ಷಣೆಗಾಗಿ ಚಾರ್ಜಿಂಗನ್ನೇ ನಿಲ್ಲಿಸುತ್ತದೆ. ಎಸಿ ಗಾಳಿ ತಾಗುವಲ್ಲಿ ಇಟ್ಟರೆ ಪರವಾಗಿಲ್ಲ.

ಇನ್ನು ಸಾಕೆಟ್ಟಿನಲ್ಲಿ ಯಾವ ಚಾರ್ಜರಿನ ದೀಪವೂ ಹೊತ್ತದಿದ್ದರೆ ಪ್ರಶ್ನೆಯೇ ಬೇರೆ. ಕೀಲಿಯನ್ನು ಎಸಿಸಿ (ACC, ಎಂಜಿನ್ ಓಡದೆಯೇ ರೇಡಿಯೊ ಮುಂತಾದವಕ್ಕೆ ವಿದ್ಯುತ್ ಸಿಗುವ) ಸ್ಥಾನಕ್ಕಾದರೂ ತಿರುಗಿಸಿದ್ದೀರೋ ನೋಡಿ. ಗುಂಡಿ ಬಿದ್ದ ರಸ್ತೆಯ ಕುಲುಕಾಟಕ್ಕೆ ಚಾರ್ಜರ್ ಮೆಲ್ಲಗೆ ಹೊರಗೆ ಸರಿದು ತುದಿಯ ಸ್ಪ್ರಿಂಗು ತಳದ ಲೋಹವನ್ನು ಮುಟ್ಟದಿರಬಹುದು. ಸ್ವಲ್ಪ ತಿರುಗಿಸಿ ಒತ್ತಿದರೆ ದೀಪ ಬರುತ್ತದೆ. ಕೆಲವು ಚಾರ್ಜರುಗಳ ತುದಿಯನ್ನು ತಿರುಚಿ ಬಿಚ್ಚಿದರೆ ಒಳಗೆ ಗಾಜಿನ ಸಣ್ಣ ಫ್ಯೂಸ್ ಇರುತ್ತದೆ. ಅದೂ ಸರಿಯಿದ್ದರೆ ಕಾರಿನ ಫ್ಯೂಸ್ ಪೆಟ್ಟಿಗೆಯಲ್ಲಿ ಸಾಕೆಟ್ಟಿನ ಫ್ಯೂಸನ್ನು ಹುಡುಕಿ. ಅದರ ಮೇಲೆ 15 ಎಂದು ಬರೆದಿದ್ದರೆ 15ರದ್ದನ್ನೇ ಹಾಕಬೇಕು, ಕೈಗೆ ಸಿಕ್ಕಿತೆಂದು 20ರದ್ದನ್ನು ಹಾಕಿದರೆ ಫ್ಯೂಸಿಗೆ ಮೊದಲು ತಂತಿ ಸುಡುವ ಅಪಾಯವಿದೆ. ಹೊಸ ಫ್ಯೂಸೂ ಕೂಡಲೇ ಹೋದರೆ, ಸಾಕೆಟ್ಟಿನೊಳಗೆ ನಾಣ್ಯವೋ ತಂತಿಯ ಚೂರೋ ಬಿದ್ದಿದೆಯೇ ಎಂದು ಟಾರ್ಚ್ ಹಾಕಿ ನೋಡಿ, ಅಲ್ಲೇನೂ ಕಾಣದಿದ್ದರೆ ಆಟೊ ಎಲೆಕ್ಟ್ರಿಷಿಯನ್ ಬಳಿ ಹೋಗುವುದೇ ಸರಿ.