ಒಂದೇ ಕಿವಿಯಲ್ಲಿ ಕೇಳುವವರಿಗೆ ಲೈವ್‌ಸ್ಟ್ರೀಮ್: ನಾಲ್ಕು ವರ್ಷದ ಬಳಕೆ

ನನಗೆ ಎಡಗಿವಿ ಕೇಳಿಸುವುದಿಲ್ಲ. ಬಲಗಿವಿಯೂ ಅಷ್ಟಕ್ಕಷ್ಟೆ. ಆದರೆ ಉಪನ್ಯಾಸ, ಸಂವಾದ ಅಂದ್ರೆ ಪ್ರಾಣ. ಹಾಗಾಗಿ ಎಷ್ಟೋ ವರ್ಷ ಅರ್ಧ ಗಂಟೆ ಮೊದಲೇ ಹೋಗಿ, ಮೊದಲ ಸಾಲಿನ ಎಡತುದಿಯ ಕುರ್ಚಿ ಹಿಡಿಯುತ್ತಿದ್ದೆ. ಅಲ್ಲಿ ಕೂತರೆ ಬಲಗಿವಿ ವೇದಿಕೆಯ ಕಡೆ ಇರುತ್ತದೆ. ಅಷ್ಟು ಮಾಡಿದರೂ ಅರ್ಧ ಮಾತು ತಪ್ಪಿಹೋಗುತ್ತಿತ್ತು. ಎಲ್ಲರೂ ನಕ್ಕಾಗ ಪಕ್ಕದವರ ಮುಖ ನೋಡುತ್ತಿದ್ದೆ.

ನಾಲ್ಕು ವರ್ಷದಿಂದ ಅಂಥ ಕಾರ್ಯಕ್ರಮಗಳನ್ನು ಹೆಚ್ಚಾಗಿ ಲೈವ್‌ಸ್ಟ್ರೀಮ್‌ನಲ್ಲೇ ಕೇಳುತ್ತಿದ್ದೇನೆ. ದೂರದ ಊರಿನವರಿಗೆ ಅನುಕೂಲ, ಓಡಾಟ ಉಳಿಯುತ್ತದೆ, ಆಮೇಲೂ ನೋಡಬಹುದು... ಇವೆಲ್ಲ ನಿಮಗೆ ಗೊತ್ತಿರುವುದೇ. ನಾನು ಬರೆಯುತ್ತಿರುವುದು ಧ್ವನಿಯ ಬಗ್ಗೆ.

ಮೊದಲ ಸಲ ಕೇಳಿದ್ದು ಹಕ್ಕಿಗಳ ವಲಸೆಯ ಮೇಲಿನ ಒಂದು ಉಪನ್ಯಾಸ. ಭಾಷಣಕಾರರು ಹಾಳೆ ತಿರುಗಿಸಿದ ಸದ್ದು ಕೇಳಿಸಿತು. ಎರಡು ವಾಕ್ಯಗಳ ನಡುವೆ ಅವರು ಉಸಿರು ತಗೊಂಡಿದ್ದು ಕೇಳಿಸಿತು. ಮುಕ್ಕಾಲು ಗಂಟೆಯಲ್ಲಿ ಒಂದು ಪದವೂ ತಪ್ಪಲಿಲ್ಲ. ಮುಗಿದ ಮೇಲೂ ಹೆಡ್‌ಫೋನ್ ತೆಗೆಯದೆ ಸುಮ್ನೆ ಕೂತಿದ್ದೆ.

ಕಾರಣ ಸರಳ. ಚೆನ್ನಾಗಿ ಮಾಡುವವರು ಧ್ವನಿಯನ್ನು ಸೌಂಡ್ ಮಿಕ್ಸರ್‌ನಿಂದ (ಸಭಾಂಗಣದ ಮೈಕುಗಳೆಲ್ಲ ಬಂದು ಸೇರುವ ಪೆಟ್ಟಿಗೆ) ನೇರವಾಗಿ ಕೇಬಲ್‌ನಲ್ಲಿ ತಗೊಳ್ಳುತ್ತಾರೆ. ಮೈಕು ಬಾಯಿಂದ ನಾಲ್ಕು ಬೆರಳು ದೂರ, ಅಲ್ಲಿಂದ ಸೀದಾ ನಮ್ಮ ಕಿವಿಗೆ. ಸಭಾಂಗಣದಲ್ಲಾದರೆ ಅದೇ ಮಾತು ಗೋಡೆಗೆ ಬಡಿದು ವಾಪಸ್ ಬಂದು ಕಲಸಿಹೋಗುತ್ತದೆ. ಸ, ಶ, ತ, ಕ ಥರದ ವ್ಯಂಜನಗಳ ಸದ್ದು ಮೊದಲೇ ಮೆಲುವು, ಅವು ಮೊದಲು ಮುಳುಗುತ್ತವೆ. ಉಳಿಯುವುದು ಸ್ವರಗಳು ಮಾತ್ರ. ಅದಕ್ಕೇ ನಮ್ಮಂಥವರು ಪದೇ ಪದೇ ಹೇಳುವುದು: ಕೇಳಿಸುತ್ತೆ, ಅರ್ಥ ಆಗಲ್ಲ.

ಈಗ ನನ್ನದೊಂದು ಕ್ರಮವಿದೆ. ಹತ್ತು ನಿಮಿಷ ಮೊದಲೇ ಬಾಗಿಲು ಹಾಕುತ್ತೇನೆ. ವೈರ್ ಇರುವ ಹೆಡ್‌ಫೋನ್ ಸಿಕ್ಕಿಸುತ್ತೇನೆ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ 'ಮೋನೋ ಆಡಿಯೋ' ಆನ್ ಇದೆಯಾ ಅಂತ ನೋಡುತ್ತೇನೆ. ಇದು ಎಡ, ಬಲ ಎರಡರ ಸದ್ದನ್ನೂ ಸೇರಿಸಿ ಎರಡೂ ಕಿವಿಗೆ ಒಂದೇ ಥರ ಕೊಡುತ್ತದೆ. ಒಂದೇ ಕಿವಿ ಇರುವವರು ಇದನ್ನು ಖಂಡಿತ ಹಾಕಿಕೊಳ್ಳಿ. ಇಲ್ಲದಿದ್ದರೆ ಸ್ಟೀರಿಯೋದಲ್ಲಿ ಎಡಕ್ಕೆ ಹೋಗುವ ಸದ್ದು ನಮ್ಮ ಪಾಲಿಗೆ ಇಲ್ಲವೇ ಇಲ್ಲ. ಚಿತ್ರವನ್ನು 480ಪಿಗೆ ಇಳಿಸುತ್ತೇನೆ, ಮಾತಿನ ಕಾರ್ಯಕ್ರಮಕ್ಕೆ ಅದು ಸಾಕು, ಡೇಟಾನೂ ಉಳಿಯುತ್ತದೆ. ಒಂದು ಪದ ತಪ್ಪಿದರೆ ಪರದೆಯ ಎಡಭಾಗಕ್ಕೆ ಎರಡು ಸಲ ತಟ್ಟುತ್ತೇನೆ. ಹತ್ತು ಸೆಕೆಂಡ್ ಹಿಂದೆ ಹೋಗುತ್ತದೆ. ಸಭಾಂಗಣದಲ್ಲಿ ಎದ್ದು ನಿಂತು 'ಇನ್ನೊಂದ್ಸಲ ಹೇಳಿ' ಅನ್ನೋಕಾಗುತ್ತಾ?

ಇನ್ನು ಬೇಜಾರಿನ ವಿಷಯ. ಎಲ್ಲರೂ ಮಿಕ್ಸರ್‌ನಿಂದ ಧ್ವನಿ ತಗೊಳ್ಳುವುದಿಲ್ಲ. ಹಿಂದಿನ ಸಾಲಿನ ಹತ್ತಿರ ಸ್ಟ್ಯಾಂಡಿಗೆ ಕ್ಯಾಮೆರಾ ನಿಲ್ಲಿಸಿ, ಅದರ ಮೈಕನ್ನೇ ನಂಬುತ್ತಾರೆ. ಆಗ ಹತ್ತಿರದವರ ಕೆಮ್ಮು, ಕುರ್ಚಿ ಎಳೆಯುವ ಸದ್ದು ಎಲ್ಲ ಚೆನ್ನಾಗಿ ಕೇಳುತ್ತದೆ, ಭಾಷಣ ಮಾತ್ರ ಬಾವಿಯೊಳಗಿಂದ ಬಂದ ಹಾಗೆ. ಕಳೆದ ವರ್ಷ ನನಗೆ ತುಂಬಾ ಇಷ್ಟದ ಒಂದು ಉಪನ್ಯಾಸ ಸರಣಿ ಆರು ತಿಂಗಳು ಹೀಗೇ ಹಾಳಾಯಿತು. ಎರಡು ಸಲ ಬರೆದೆ. 'ಕ್ಯಾಮೆರಾ ಬದಲಾಯಿಸಿದ್ದೇವೆ' ಅಂತ ಉತ್ತರ ಬಂತು. ಸಿಟ್ಟು ಬರದೆ ಇರುತ್ತಾ? ಒಂದು ನಿಮಿಷ ಚಿತ್ರ ನಿಂತರೂ ಉಪನ್ಯಾಸ ಮುಂದುವರಿಯುತ್ತದೆ. ಧ್ವನಿ ಹೋದರೆ ಅಲ್ಲಿಗೆ ಮುಗೀತು.

ಎರಡನೆಯದು ತಡ. ನೇರಪ್ರಸಾರ ಅಂದರೂ ಅದು ನಮಗೆ ತಲುಪುವುದು ಹೆಚ್ಚಾಗಿ ಇಪ್ಪತ್ತು, ಮೂವತ್ತು ಸೆಕೆಂಡ್ ಆದ ಮೇಲೆ. ವಿಡಿಯೋವನ್ನು ಕೆಲವು ಸೆಕೆಂಡ್‌ಗಳ ತುಂಡು ಮಾಡಿ ಕಳಿಸುತ್ತಾರೆ, ನಮ್ಮ ಫೋನು ಎರಡು ಮೂರು ತುಂಡು ಕೂಡಿಟ್ಟುಕೊಂಡೇ ಶುರು ಮಾಡುತ್ತದೆ. ನಡುವೆ ನೆಟ್‌ವರ್ಕ್ ಕುಂಟಿದರೂ ಪ್ರಸಾರ ನಿಲ್ಲದಿರಲಿ ಅಂತ. ಒಮ್ಮೆ ಸಭಾಂಗಣದಲ್ಲೇ ಕೂತು ಕಿವಿಗೆ ಸ್ಟ್ರೀಮ್ ಹಾಕಿಕೊಂಡೆ, ಎರಡೂ ಸಿಗಲಿ ಅಂತ ಆಸೆ. ಜನ ಮೊದಲು ನಕ್ಕರು. ಅವರೆಲ್ಲ ಸುಮ್ಮನಾದ ಮೇಲೆ ನನ್ನ ಕಿವಿಗೆ ತಮಾಷೆ ಬಂತು. ಎರಡೇ ನಿಮಿಷಕ್ಕೆ ಹೆಡ್‌ಫೋನ್ ತೆಗೆದೆ.

ಈ ತಡದಿಂದ ಪ್ರಶ್ನೆ ಕೇಳೋದೂ ಕಷ್ಟ. 'ಪ್ರಶ್ನೆ ಇದೆಯಾ?' ಅನ್ನೋದು ನಮಗೆ ಕೇಳಿಸುವ ಹೊತ್ತಿಗೆ ಅಲ್ಲಿ ವಂದನಾರ್ಪಣೆ ಶುರುವಾಗಿರುತ್ತದೆ. ತಡ ಕಡಿಮೆ ಮಾಡುವ ಸೆಟ್ಟಿಂಗ್ ಪ್ರಸಾರ ಮಾಡುವವರ ಹತ್ತಿರ ಇರುತ್ತದೆ. ಆದರೆ ಅದನ್ನು ಹಾಕಿದರೆ ನೆಟ್‌ವರ್ಕ್ ಸರಿ ಇಲ್ಲದವರಿಗೆ ಆಗಾಗ ನಿಲ್ಲುತ್ತದೆ. ನಿರೂಪಕರು ಒಂದು ನಿಮಿಷ ಕಾದರೆ ಸಾಕು ಅನ್ನೋದು ನನ್ನ ಅಭಿಪ್ರಾಯ.

ಸಂಗೀತಕ್ಕೆ ಈಗಲೂ ಸಭಾಂಗಣಕ್ಕೇ ಹೋಗುತ್ತೇನೆ. ತಾಳವಾದ್ಯದ ಪೆಟ್ಟು ಎದೆಗೆ ತಾಗುವುದು ಹೆಡ್‌ಫೋನಿನಲ್ಲಿ ಸಿಗುವುದಿಲ್ಲ. ಮಾತಿಗೆ ಮಾತ್ರ ಲೈವ್‌ಸ್ಟ್ರೀಮೇ ಮೇಲು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಳೆದದ್ದು ಆ ಕ್ಯಾಮೆರಾ ಮೈಕುಗಳಿಗೆ.

ಆ ಸರಣಿಯವರು ಕೊನೆಗೂ ಕೇಬಲ್ ಎಳೆದರು. ಮೂರನೇ ಸಲ ಬರೆದಾಗ ಸ್ವಯಂಸೇವಕಿಯೊಬ್ಬರು ನನ್ನ ಕಿವಿಯ ಬಗ್ಗೆ ವಿಚಾರಿಸಿ, ಮುಂದಿನ ತಿಂಗಳೇ ಮಾಡಿಸಿದರು. ಅವತ್ತು ಕೊನೆಯಲ್ಲಿ ಒಂದು ನಿಮಿಷ ಕಾದರು ಕೂಡ. ನಾನು ಟೈಪ್ ಮಾಡಿದ್ದನ್ನು 'ಆನ್‌ಲೈನ್‌ನಿಂದ ಒಂದು ಪ್ರಶ್ನೆ ಇದೆ' ಅಂತ ಅವರೇ ಮೈಕಿನಲ್ಲಿ ಓದಿದರು. ಪ್ರತಿ ಅಕ್ಷರ ನನಗೆ ಕೇಳಿಸಿತು. ವೇದಿಕೆಯ ಮೇಲಿದ್ದ ಭಾಷಣಕಾರರು ಕಿವಿಗೆ ಕೈ ಅಡ್ಡ ಹಿಡಿದು, 'ಇನ್ನೊಮ್ಮೆ ಓದ್ತೀರಾ, ಇಲ್ಲಿಗೆ ಸರಿಯಾಗಿ ಕೇಳಿಸಲಿಲ್ಲ' ಅಂದರು.